ಶೂನ್ಯ ಟಿಕೆಟ್ ಹಿಡಿದವಳ ತೆರಿಗೆ ಲೆಕ್ಕ

ಅಮೃತೂರಿನಿಂದ ಕುಣಿಗಲ್‌ಗೆ ಹೊರಡುವ ಬೆಳಗಿನ ಬಸ್ಸು. ಕಾಲೇಜಿನ ಮಕ್ಕಳು, ಸಂತೆಗೆ ಹೊರಟವರು, ತಾಲ್ಲೂಕು ಕಚೇರಿಗೆ ಕಾಗದಪತ್ರ ಹಿಡಿದು ಹೊರಟವರು ಎಲ್ಲರೂ ಅದರಲ್ಲೇ. ನಾನು ಕಂಡಕ್ಟರ್‌ಗೆ ಆಧಾರ್ ಕಾರ್ಡ್ ತೋರಿಸಿ ಶೂನ್ಯ ದರದ ಟಿಕೆಟ್ ತೆಗೆದುಕೊಂಡೆ. ಪಕ್ಕದಲ್ಲಿ ನಿಂತಿದ್ದ ಯಜಮಾನರೊಬ್ಬರು ದುಡ್ಡು ಎಣಿಸಿ ಕೊಡುತ್ತಾ, ‘ಸೀಟೂ ಇವರದ್ದೇ, ಟಿಕೆಟ್ಟೂ ಫ್ರೀ. ಟ್ಯಾಕ್ಸ್ ಕಟ್ಟೋರು ನಾವು, ಓಡಾಡೋರು ಇವರು’ ಎಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಮಾತ್ರ ಬಿಡಲಿಲ್ಲ. ‘ಅಣ್ಣಾ, ನಿನ್ನ ತೋಟದ ಪಂಪ್‌ಸೆಟ್ಟಿಗೆ ತಿಂಗಳಿಗೆ ಎಷ್ಟು ಕರೆಂಟ್ ಬಿಲ್ ಬತ್ತದೆ?’ ಎಂದು ಕೇಳಿಯೇಬಿಟ್ಟರು. ಬಸ್ಸಿಗೆ ಬಸ್ಸೇ ನಕ್ಕಿತು. ಯಜಮಾನರೂ ನಕ್ಕರು. ಹತ್ತು ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ನಗುವಿನಲ್ಲಿ ಮಾತು ಮುಗಿದರೂ ಒಂದು ಪ್ರಶ್ನೆ ನನ್ನೊಳಗೆ ಉಳಿಯಿತು. ನಿಜಕ್ಕೂ ತೆರಿಗೆ ಕಟ್ಟುವವರು ಯಾರು? ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆ ಯಜಮಾನರು ಆದಾಯ ತೆರಿಗೆ ಕಟ್ಟುತ್ತಿರಲಾರರು. ನನಗಂತೂ ಆದಾಯವೇ ಇಲ್ಲ. ಹಾಗಾದರೆ ಆ ಬಸ್ಸಿನ ಡೀಸೆಲ್‌ಗೆ ದುಡ್ಡು ಕೊಟ್ಟವರು ಯಾರು?

ಮನೆಗೆ ಬಂದು ಲೆಕ್ಕ ಹಾಕಲು ಕುಳಿತೆ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ‘2025-26ರ ರಾಜ್ಯ ಬಜೆಟ್‌ನ ಗಾತ್ರ ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ: 4,09,549 ಕೋಟಿ ರೂಪಾಯಿ. ಅದರಲ್ಲಿ ನನ್ನ ದುಡ್ಡು ಎಷ್ಟು ಎಂದು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

‘ಇಲ್ಲ’ ಎಂದು ಬರೆದವರು ನಾವು

2023ರಲ್ಲಿ ಅಮ್ಮ ಗೃಹಲಕ್ಷ್ಮಿಗೆ ಅರ್ಜಿ ಹಾಕುವಾಗ ಜೊತೆಗೆ ಹೋಗಿದ್ದೆ. ಯಜಮಾನಿಯಾಗಲೀ ಆಕೆಯ ಪತಿಯಾಗಲೀ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಯೋಜನೆ ಅನ್ವಯಿಸುವುದಿಲ್ಲ ಎಂಬುದು ನಿಯಮ. ‘ಟ್ಯಾಕ್ಸ್ ಕಟ್ತೀರಾ?’ ಎಂದು ಕೇಳಿದರು. ‘ಇಲ್ಲ’ ಎಂದೆವು. ನಿಯಮದ ಪ್ರಕಾರ ಅದು ಸರಿಯಾದ ಉತ್ತರವೇ. ಆದರೆ ಆ ‘ಇಲ್ಲ’ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ತೆರಿಗೆದಾರರು ಎಂದರೆ ಬೆಂಗಳೂರಿನಲ್ಲಿ ಸಂಬಳ ಪಡೆಯುವವರು. ನಾವು ಬರೀ ಪಡೆಯುವವರು ಎಂಬ ಭಾವನೆ.

ಈಗ ಒಂದು ತಿಂಗಳ ಲೆಕ್ಕ ನೋಡಿ. ನನ್ನ ಮೊಬೈಲ್ ರೀಚಾರ್ಜ್ 299 ರೂಪಾಯಿ. ಅದರಲ್ಲಿ ಶೇ 18ರ ಜಿಎಸ್‌ಟಿ ಸೇರಿದೆ, ಅಂದರೆ ಸುಮಾರು 45 ರೂಪಾಯಿ. ಜಿಎಸ್‌ಟಿಯ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಆನ್‌ಲೈನ್ ಕೋಚಿಂಗ್‌ಗೆ ಅಪ್ಪ ಕೊಟ್ಟ 11,800 ರೂಪಾಯಿಯಲ್ಲಿ 1,800 ರೂಪಾಯಿ ತೆರಿಗೆ, ರಾಜ್ಯಕ್ಕೆ 900. ಕೆಲಸವೇ ಸಿಗದವಳು ಕೆಲಸ ಹುಡುಕುವುದಕ್ಕೂ ತೆರಿಗೆ ಕಟ್ಟಿದ್ದಾಳೆ!

ತಮ್ಮನ ಬೈಕಿಗೆ ಹಾಕಿಸುವ ಪ್ರತಿ ಲೀಟರ್ ಪೆಟ್ರೋಲ್‌ನಲ್ಲಿ ಇಪ್ಪತ್ತು ರೂಪಾಯಿಗೂ ಹೆಚ್ಚು ಹಣ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿತು. ಡೀಸೆಲ್ ಮೇಲಿನ ತೆರಿಗೆ ಆಗ ಶೇ 18.44 ಆಯಿತು, 2025ರ ಏಪ್ರಿಲ್ 1ರಿಂದ ಶೇ 21.17. ಉಳುಮೆಗೆ ಬರುವ ಟ್ರ್ಯಾಕ್ಟರ್‌ನ ಬಾಡಿಗೆಯಲ್ಲಿ, ತೆಂಗಿನಕಾಯಿ ಸಾಗಿಸುವ ಲಾರಿಯ ಬಾಡಿಗೆಯಲ್ಲಿ ಅದೆಲ್ಲ ಸೇರಿಕೊಂಡಿರುತ್ತದೆ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ಮೇಲೆ 2025ರ ಸೆಪ್ಟೆಂಬರ್ 22ರವರೆಗೂ ಶೇ 18ರಷ್ಟು ತೆರಿಗೆ ಇತ್ತು. ಈಗ ಶೇ 5. ಇಳಿಕೆ ಒಳ್ಳೆಯದೇ. ಆದರೆ ಕಡಿಮೆಯಾದ ತೆರಿಗೆಯ ಅರ್ಧ ರಾಜ್ಯದ ಪಾಲಿನದು ಎಂಬುದೂ ನೆನಪಿರಲಿ.

ಆದಾಯ ತೆರಿಗೆ ಕಟ್ಟುವವರ ಹೆಸರು ದಾಖಲೆಯಲ್ಲಿರುತ್ತದೆ. ನಾವು ಕಟ್ಟುವುದಕ್ಕೆ ಹೆಸರಿಲ್ಲ, ರಸೀದಿಯೂ ಇಲ್ಲ. ಕಟ್ಟುತ್ತಿರುವುದಂತೂ ನಿಜ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ಮಾಯವಾಗಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತಲ್ಲ, ಆಗ ಎಷ್ಟೋ ಜನಕ್ಕೆ ಮೊದಲ ಬಾರಿಗೆ ತೆರಿಗೆ ಎಂಬುದು ಕಣ್ಣಿಗೆ ಕಂಡಿತು. ಅಲ್ಲಿಯವರೆಗೆ ಅದು ಬೆಲೆಯೊಳಗೆ ಅಡಗಿ ಕೂತಿತ್ತು.

ಬೊಕ್ಕಸ ತುಂಬುವುದು ಹೇಗೆ?

ಬಜೆಟ್ ಅಂದಾಜಿನ ಪ್ರಕಾರ 2025-26ರಲ್ಲಿ ರಾಜ್ಯದ ಸ್ವಂತ ತೆರಿಗೆ ಆದಾಯ 2,08,100 ಕೋಟಿ ರೂಪಾಯಿ. ಅದರಲ್ಲಿ ವಾಣಿಜ್ಯ ತೆರಿಗೆಗಳದ್ದೇ 1,20,000 ಕೋಟಿ. ಅಬಕಾರಿ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ, ಮೋಟಾರು ವಾಹನ ತೆರಿಗೆ 15,000 ಕೋಟಿ. ಇದರ ಮೇಲೆ ಕೇಂದ್ರ ತೆರಿಗೆಗಳಲ್ಲಿ ರಾಜ್ಯದ ಪಾಲು 51,877 ಕೋಟಿ, ಕೇಂದ್ರದ ಅನುದಾನ 16,000 ಕೋಟಿ, ತೆರಿಗೆಯೇತರ ಆದಾಯ 16,500 ಕೋಟಿ. ಎಲ್ಲ ಸೇರಿ 2,92,477 ಕೋಟಿ.

ಈ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಬಕಾರಿ. ಐದು ಗ್ಯಾರಂಟಿಗಳಲ್ಲೇ ದೊಡ್ಡದಾದ ಗೃಹಲಕ್ಷ್ಮಿಗೆ 2025-26ರಲ್ಲಿ ಇಟ್ಟದ್ದು 28,608 ಕೋಟಿ. ಮದ್ಯದಿಂದ ನಿರೀಕ್ಷಿಸಿದ್ದು 40,000 ಕೋಟಿ. ನಮ್ಮ ಬೀದಿಯ ಮನೆಯೊಂದರಲ್ಲಿ ಅಕ್ಕನ ಖಾತೆಗೆ ತಿಂಗಳಿಗೆ ಎರಡು ಸಾವಿರ ಬರುತ್ತದೆ. ಅದೇ ಮನೆಯ ಯಜಮಾನ ದಿನಾ ಸಂಜೆ ಕುಡಿತಕ್ಕೆ ಖರ್ಚು ಮಾಡುವುದು ತಿಂಗಳ ಕೊನೆಗೆ ಅದಕ್ಕಿಂತ ಹೆಚ್ಚಾಗುತ್ತದೆ. ಆ ಅಕ್ಕ ಆ ಎರಡು ಸಾವಿರವನ್ನು ಹೆಂಗೆಂಗೋ ಉಳಿಸಿ ಮಗಳ ಕಾಲೇಜು ಫೀಸು ಕಟ್ಟುತ್ತಾರೆ. ಆ ಮನೆಯ ಮಟ್ಟಿಗೆ ಸರ್ಕಾರ ಕೊಟ್ಟಿತೋ, ತೆಗೆದುಕೊಂಡಿತೋ? ಗಂಡಸಿನ ಜೇಬಿನಿಂದ ಹೊರಟ ಹಣದ ಒಂದು ಪಾಲಾದರೂ ಹೆಂಗಸಿನ ಕೈಗೆ ವಾಪಸು ಬಂದಿತು ಎಂಬುದು ನಿಜ. ಕುಡಿತ ಕಡಿಮೆಯಾದರೆ ಬೊಕ್ಕಸಕ್ಕೆ ನಷ್ಟ ಎಂಬ ಸ್ಥಿತಿಗೆ ಬಂದಿದ್ದೇವೆ ಎಂಬುದೂ ಅಷ್ಟೇ ನಿಜ.

ಬಸ್ಸಿನ ಯಜಮಾನರ ಸಿಟ್ಟು ಸುಳ್ಳೇ?

ಪೂರ್ತಿ ಸುಳ್ಳಲ್ಲ. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು. ಆ ಏರಿಕೆ ನನಗೆ ತಟ್ಟಲಿಲ್ಲ, ಅವರಿಗೆ ತಟ್ಟಿತು. ಏಪ್ರಿಲ್‌ನಲ್ಲಿ ಹಾಲಿನ ದರ ಲೀಟರ್‌ಗೆ 4 ರೂಪಾಯಿ ಹೆಚ್ಚಾಯಿತು. ಆಗಸ್ಟ್ ಕೊನೆಯಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಹತ್ತು ಲಕ್ಷದ ಸೈಟಿಗೆ ಹತ್ತು ಸಾವಿರದ ಬದಲು ಇಪ್ಪತ್ತು ಸಾವಿರ. ‘ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ತಾರೆ’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಗ್ಯಾರಂಟಿಗಳೇ ಬೊಕ್ಕಸವನ್ನು ಪೂರ್ತಿ ನುಂಗುತ್ತಿವೆ ಎಂಬುದಕ್ಕೆ ಲೆಕ್ಕ ಒಪ್ಪುವುದಿಲ್ಲ. ಐದೂ ಗ್ಯಾರಂಟಿಗಳಿಗೆ 2025-26ರಲ್ಲಿ 51,034 ಕೋಟಿ. ಬಜೆಟ್‌ನ ನೂರು ರೂಪಾಯಿಯಲ್ಲಿ ಹನ್ನೆರಡೂವರೆ ರೂಪಾಯಿ. ಸಣ್ಣ ಮೊತ್ತವೇನಲ್ಲ, ಸ್ವಂತ ತೆರಿಗೆಯ ಕಾಲು ಭಾಗದಷ್ಟಾಗುತ್ತದೆ. ಆದರೆ ಉಳಿದ ಎಂಬತ್ತೇಳೂವರೆ ರೂಪಾಯಿಯ ಬಗ್ಗೆ ಬಸ್ಸಿನಲ್ಲಾಗಲೀ ಹೋಟೆಲಿನಲ್ಲಾಗಲೀ ಯಾರೂ ಜಗಳ ಆಡುವುದಿಲ್ಲ. 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಶಿಫಾರಸಿನಿಂದ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತ್ತು. ಇದು ಶಕ್ತಿ ಯೋಜನೆಗೆ 2025-26ರಲ್ಲಿ ಇಟ್ಟ 5,300 ಕೋಟಿಯ ಸುಮಾರು ನಾಲ್ಕು ಪಟ್ಟು. ನೌಕರರಿಗೆ ನ್ಯಾಯವಾದ ಸಂಬಳ ಬೇಡ ಎಂದು ನಾನು ಹೇಳುತ್ತಿಲ್ಲ. ನಾನೇ ಆ ನೌಕರಿಗಾಗಿ ಓದುತ್ತಿರುವವಳು! ಒಂದು ಖರ್ಚು ‘ಬಿಟ್ಟಿ’, ಇನ್ನೊಂದು ‘ಹಕ್ಕು’ ಎಂದು ನಾವು ಹೇಗೆ ವಿಂಗಡಿಸುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಮನೆಯ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಅಮ್ಮನಿಗೆ ಗೃಹಲಕ್ಷ್ಮಿ. ಮನೆಗೆ ಗೃಹಜ್ಯೋತಿ. ರೇಷನ್ ಅಕ್ಕಿ. ಡೇರಿಗೆ ಹಾಕುವ ಹಾಲಿಗೆ ಲೀಟರ್‌ಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ. ಪಂಪ್‌ಸೆಟ್‌ಗೆ ಉಚಿತ ವಿದ್ಯುತ್. 2023ರಲ್ಲಿ ಪದವಿ ಮುಗಿಸಿದ ನನಗೆ ಯುವನಿಧಿಯ ತಿಂಗಳಿಗೆ 3,000. ಇಷ್ಟೆಲ್ಲ ಪಡೆದೂ ನಾವು ಉಳ್ಳವರಾಗಿಲ್ಲ. ಇಷ್ಟಿಲ್ಲದಿದ್ದರೆ ನಾನು ಡಿಗ್ರಿ ಮುಗಿದ ಮರುದಿನವೇ ಕೂಲಿಗೋ ಗಾರ್ಮೆಂಟ್ಸ್‌ಗೋ ಹೋಗಬೇಕಿತ್ತು. ವಾರಕ್ಕೆರಡು ಸಲ ತುಮಕೂರಿನ ಗ್ರಂಥಾಲಯಕ್ಕೆ ಹೋಗಿ ಬರುತ್ತಿರುವುದು ಆ ಶೂನ್ಯ ಟಿಕೆಟ್‌ನಿಂದಲೇ.

ಸಾಲ ಯಾರ ತಲೆಯ ಮೇಲೆ?

ಯುವಜನರು ನಿಜಕ್ಕೂ ಗಮನಿಸಬೇಕಾದ ಪುಟ ಸಾಲದ್ದು. 2025-26ರಲ್ಲಿ ಸರ್ಕಾರ ತೆಗೆಯಲು ಉದ್ದೇಶಿಸಿದ್ದ ಸಾಲ 1,16,000 ಕೋಟಿ. ಹಳೆಯ ಸಾಲದ ಮರುಪಾವತಿಗೆ 26,474 ಕೋಟಿ ಬೇಕಿತ್ತು. ರಸ್ತೆ, ನೀರಾವರಿ, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 71,336 ಕೋಟಿ ಇಡಲಾಗಿತ್ತು. ಆದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ದಿನನಿತ್ಯದ ಖರ್ಚು 3,11,739 ಕೋಟಿ, ಆದಾಯ 2,92,477 ಕೋಟಿ. ವ್ಯತ್ಯಾಸ 19,262 ಕೋಟಿ. ಇದನ್ನೇ ರಾಜಸ್ವ ಕೊರತೆ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೊಳವೆಬಾವಿ ಕೊರೆಸಲು ಸಾಲ ಮಾಡಿದರೆ ಒಂದು ಮಾತು. ಉಪ್ಪು ಮೆಣಸಿನಕಾಯಿಗೂ ಸಾಲ ಮಾಡಿದರೆ ಬೇರೆ ಮಾತು. ಈ 19,262 ಕೋಟಿ ಎರಡನೇ ಬಗೆಯದು.

ವಿತ್ತೀಯ ಶಿಸ್ತಿಗಾಗಿ 2002ರಲ್ಲೇ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ ರಾಜ್ಯದ ಆಂತರಿಕ ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಹೊಣೆಗಾರಿಕೆ ಶೇ 25 ಮೀರಬಾರದು ಎಂಬುದು ಮಿತಿ. 2025-26ರ ಅಂದಾಜು ಕ್ರಮವಾಗಿ ಶೇ 2.95 ಮತ್ತು ಶೇ 24.91. ಗೆರೆ ದಾಟಿಲ್ಲ, ಆದರೆ ಗೆರೆಯ ಮೇಲೇ ನಿಂತಿದ್ದೇವೆ. ಒಟ್ಟು ಹೊಣೆಗಾರಿಕೆ 7,64,655 ಕೋಟಿ. ರಾಜ್ಯದ ಜನಸಂಖ್ಯೆ ಏಳು ಕೋಟಿ ಎಂದು ಹಿಡಿದರೂ ತಲೆಗೆ ಒಂದು ಲಕ್ಷಕ್ಕಿಂತ ಹೆಚ್ಚು. ಇದನ್ನು ತೀರಿಸುವ ಹೊತ್ತಿಗೆ ಆ ಯಜಮಾನರಿಗೆ ವಯಸ್ಸಾಗಿರುತ್ತದೆ. ಕಟ್ಟುವವರು ಈಗ ಕಾಲೇಜಿನಲ್ಲಿ ಇರುವವರು.

2025ರ ಆಗಸ್ಟ್‌ನಲ್ಲಿ ಸದನದ ಮುಂದೆ ಬಂದ ಮಹಾಲೇಖಪಾಲರ (ಸಿಎಜಿ) ವರದಿ 2023-24ರ ಲೆಕ್ಕವನ್ನು ಪರಿಶೀಲಿಸಿ ಇದನ್ನೇ ಎಚ್ಚರಿಸಿದೆ. ಆ ವರ್ಷ ರಾಜ್ಯ ರಾಜಸ್ವ ಕೊರತೆಗೆ ಬಿದ್ದಿತು. ಮೂಲಸೌಕರ್ಯದ ಮೇಲಿನ ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ 5,229 ಕೋಟಿ ಕಡಿಮೆಯಾಯಿತು. ಅಂದರೆ ಖರ್ಚು ಹೆಚ್ಚಾದಾಗ ಮೊದಲು ಕತ್ತರಿ ಬೀಳುವುದು ರಸ್ತೆ, ಕಟ್ಟಡ, ಕಾಲುವೆಗೆ. ಅವುಗಳನ್ನು ತಡ ಮಾಡಿದರೆ ತಕ್ಷಣಕ್ಕೆ ಯಾರೂ ಬೀದಿಗೆ ಇಳಿಯುವುದಿಲ್ಲವಲ್ಲ!

ಕಾಲುವೆಯ ವಿಷಯಕ್ಕೆ ನಮ್ಮ ಜಿಲ್ಲೆಯೇ ಪಾಠ. ಗೊರೂರಿನ ಹೇಮಾವತಿ ಜಲಾಶಯದಿಂದ ಬರುವ ತುಮಕೂರು ನಾಲೆಯ ಕೊನೆಯಲ್ಲಿರುವುದು ಕುಣಿಗಲ್. ನಮ್ಮ ಪಾಲಿನ ನೀರು ನಮ್ಮವರೆಗೆ ಬರುವುದಿಲ್ಲ ಎಂಬುದು ಹಳೆಯ ಅಳಲು. ಗುಬ್ಬಿ ತಾಲ್ಲೂಕಿನಿಂದಲೇ ಪೈಪ್‌ಲೈನ್ ಮೂಲಕ ನೇರವಾಗಿ ನೀರು ತರುವ ಸುಮಾರು ಸಾವಿರ ಕೋಟಿಯ ಲಿಂಕ್ ಕೆನಾಲ್ ಯೋಜನೆಗೆ 2025ರ ಮೇ ಕೊನೆಯಲ್ಲಿ ಗುಬ್ಬಿಯ ರೈತರು ದೊಡ್ಡ ಪ್ರತಿಭಟನೆ ನಡೆಸಿದರು. ನಾನು ಕುಣಿಗಲ್ ಸೀಮೆಯವಳು. ನಮಗೆ ನೀರು ಬೇಕು ಎಂದೇ ಹೇಳುತ್ತೇನೆ. ಆದರೆ ಗುಬ್ಬಿಯವರೂ ಅದೇ ಪೆಟ್ರೋಲ್, ಅದೇ ಸೋಪಿನ ಮೇಲೆ ತೆರಿಗೆ ಕಟ್ಟಿದವರು. ಎರಡೂ ತಾಲ್ಲೂಕಿನವರು ಒಟ್ಟಾಗಿ ಕೇಳಬೇಕಾದ ಲೆಕ್ಕ ಒಂದಿದೆ: ಇರುವ ನಾಲೆಯಲ್ಲಿ ಪ್ರತಿ ವರ್ಷ ಎಷ್ಟು ನೀರು ಹರಿಯಿತು, ಎಲ್ಲಿ ಎಷ್ಟು ಸೋರಿತು, ಆ ನಾಲೆಯ ದುರಸ್ತಿಗೆ ಈವರೆಗೆ ಎಷ್ಟು ಖರ್ಚಾಯಿತು? ಆ ಅಂಕಿಗಳು ಎದುರಿಗಿದ್ದರೆ ನಾವು ನಾವೇ ಜಗಳವಾಡುವುದು ಅರ್ಧ ಕಡಿಮೆಯಾಗುತ್ತದೆ.

ನಮಗೆ ಬೇಕಾದದ್ದು

ಐದು ಗ್ಯಾರಂಟಿಗಳ 51,034 ಕೋಟಿಯಲ್ಲಿ ಯುವನಿಧಿಗೆ ಸಿಕ್ಕಿದ್ದು 600 ಕೋಟಿ. ನೂರಕ್ಕೆ ಒಂದು ರೂಪಾಯಿ ಚಿಲ್ಲರೆ. ಅದೂ ಎರಡು ವರ್ಷ ಮಾತ್ರ. 2024ರ ಜನವರಿಯಲ್ಲಿ ಶುರುವಾದ ನನ್ನ ಯುವನಿಧಿಯ ಅವಧಿ 2025ರ ಡಿಸೆಂಬರ್‌ಗೆ ಮುಗಿಯಿತು. ಆಮೇಲೆ? ನನಗೆ ಬೇಕಿರುವುದು ಇನ್ನೆರಡು ವರ್ಷದ ಭತ್ಯೆ ಅಲ್ಲ, ಕೆಲಸ.

ರಾಜ್ಯ ಸರ್ಕಾರದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಎಂದು 2024ರ ಅಕ್ಟೋಬರ್ ಕೊನೆಯಿಂದ ಹೊಸ ನೇಮಕಾತಿ ಅಧಿಸೂಚನೆಗಳು ನಿಂತವು. 2025ರ ಆಗಸ್ಟ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು. ಸೆಪ್ಟೆಂಬರ್‌ನಲ್ಲಿ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗಿಳಿದರು. ಸಾಮಾಜಿಕ ನ್ಯಾಯ ಬೇಕೇ ಬೇಕು. ಅದರ ಜೊತೆಗೆ ವಯಸ್ಸು ಓಡುತ್ತಿರುವವರ ನೋವೂ ಅರ್ಥವಾಗಬೇಕು. ಖಾಲಿ ಹುದ್ದೆ ಎಂದರೆ ಸರ್ಕಾರಕ್ಕೆ ಉಳಿದ ಸಂಬಳ ಮಾತ್ರವಲ್ಲ. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆ, ಒಬ್ಬರೇ ಮೂರು ಊರು ನೋಡಿಕೊಳ್ಳುವ ಗ್ರಾಮ ಆಡಳಿತಾಧಿಕಾರಿ, ಪಶುವೈದ್ಯರಿಲ್ಲದೆ ಸಾಯುವ ಹಸು, ಇವೂ ಅದರೊಳಗಿವೆ. ತೆರಿಗೆಗೆ ಪ್ರತಿಯಾಗಿ ನಮಗೆ ಬರಬೇಕಾದ ಸೇವೆ ಅಷ್ಟರಮಟ್ಟಿಗೆ ಕಡಿತವಾಗಿದೆ ಎಂದೇ ಅರ್ಥ. ಆ ಕಡಿತಕ್ಕೂ ರಸೀದಿ ಇಲ್ಲ.

ದೆಹಲಿಯ ಪಾಲಿನ ಮಾತೂ ಇದೆ. ಕೇಂದ್ರ ತೆರಿಗೆಗಳಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ, ಸಚಿವರು ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಧರಣಿ ಕುಳಿತರು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಅದೇ ಮಾತನ್ನು ಅಮೃತೂರಿನವರು ಬೆಂಗಳೂರಿಗೆ ಹೇಳಬಹುದಲ್ಲವೇ? ದೆಹಲಿಯಿಂದ ಬರಬೇಕಾದದ್ದನ್ನು ಕೇಳುವವರು ತಾವು ಖರ್ಚು ಮಾಡಿದ್ದರ ಲೆಕ್ಕವನ್ನೂ ಊರಿನ ಮಟ್ಟಕ್ಕೆ ಇಳಿಸಿ ಹೇಳಬೇಕು.

ಹಾಗೆಂದು ಅವರೇ ಹೇಳಲಿ ಎಂದು ಕಾಯುತ್ತಾ ಕೂರಬೇಕಿಲ್ಲ. ಬಜೆಟ್ ಭಾಷಣ ಕನ್ನಡದಲ್ಲೇ ಹಣಕಾಸು ಇಲಾಖೆಯ ಜಾಲತಾಣದಲ್ಲಿದೆ. ಪರೀಕ್ಷೆಗಾಗಿ ಹೇಗೂ ಓದುತ್ತೇವೆ. ನಮ್ಮ ತಾಲ್ಲೂಕಿನ ಹೆಸರು ಎಲ್ಲಿದೆ ಎಂದೂ ಹುಡುಕೋಣ. ಗ್ರಾಮಸಭೆಗೆ ಫಲಾನುಭವಿಗಳ ಪಟ್ಟಿ ಕೇಳಲಷ್ಟೇ ಹೋಗುವ ನಾವು ಪಂಚಾಯಿತಿಯ ಜಮಾ ಖರ್ಚನ್ನೂ ಓದಿಸೋಣ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 150 ಪದ, ಒಂದು ವಿಷಯ ಸಾಕು. 30 ದಿನದಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು. ನಾನಂತೂ ಮೊದಲ ಅರ್ಜಿ ಬರೆದಿದ್ದೇನೆ. ನಮ್ಮ ಹೋಬಳಿಯಲ್ಲಿ ಅರ್ಧಕ್ಕೆ ನಿಂತ ಕಾಮಗಾರಿಗಳ ಪಟ್ಟಿ, ಅವುಗಳ ಅಂದಾಜು ವೆಚ್ಚ, ಈವರೆಗೆ ಪಾವತಿಯಾದ ಹಣ ಕೇಳಿದ್ದೇನೆ.

ನಾಳೆ ಕೆಲಸ ಸಿಕ್ಕಿ ತಿಂಗಳಿಗೆ 25,000 ರೂಪಾಯಿ ದಾಟಿದರೆ ನನ್ನ ಸಂಬಳದಿಂದ ವೃತ್ತಿ ತೆರಿಗೆ ಕಡಿತವಾಗುತ್ತದೆ. ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500. ರಾಜ್ಯ ಸರ್ಕಾರಕ್ಕೆ ನಾನು ನನ್ನ ಹೆಸರಿನಲ್ಲಿ ಕಟ್ಟುವ ಮೊದಲ ತೆರಿಗೆ ಅದಾಗಬಹುದು. ಆದರೆ ತೆರಿಗೆದಾರಳಾಗಲು ಆ ದಿನದವರೆಗೆ ಕಾಯಬೇಕಿಲ್ಲ ಎಂದು ಈಗ ಗೊತ್ತಾಗಿದೆ. ಅಂಗಡಿಯಲ್ಲಿ ಮೊದಲ ಸಲ ಬಿಸ್ಕತ್ತು ಕೊಂಡ ದಿನವೇ ಆಗಿದ್ದೆ.

ಆ ಯಜಮಾನರು ಮತ್ತೆ ಬಸ್ಸಿನಲ್ಲಿ ಸಿಕ್ಕರೆ ಜಗಳ ಆಡುವುದಿಲ್ಲ. ಸೀಟು ಬಿಟ್ಟುಕೊಟ್ಟು, ‘ಕೂತ್ಕೊಳ್ಳಿ. ಈ ಬಸ್ಸು ನಿಮ್ಮ ದುಡ್ಡಲ್ಲೂ ಓಡ್ತಿದೆ, ನನ್ನ ದುಡ್ಡಲ್ಲೂ ಓಡ್ತಿದೆ. ಮುಂದಿನ ಗ್ರಾಮಸಭೆಗೆ ಇಬ್ಬರೂ ಹೋಗಿ ಲೆಕ್ಕ ಕೇಳೋಣ ಬನ್ನಿ’ ಎನ್ನುತ್ತೇನೆ. ಹಿಂದಿನ ಸೀಟಿನ ಅಜ್ಜಿಯನ್ನೂ ಕರೆದುಕೊಂಡು ಹೋಗಬೇಕು. ಪ್ರಶ್ನೆ ಕೇಳುವುದು ಹೇಗೆಂದು ಅವರಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು.